ಒಂಬತ್ತು ಬೇಸ್ ಮಾರಿ ಹತ್ತನೆಯದಕ್ಕೆ ನಿಂತದ್ದು: ನನ್ನ ಅನುಭವ

ಹನ್ನೊಂದು ವರ್ಷದಲ್ಲಿ ಒಂಬತ್ತು ಬೇಸ್ ಗಿಟಾರ್ ಕೊಂಡು ಮಾರಿದ್ದೇನೆ. ನೆನಪಿನ ಲೆಕ್ಕದಲ್ಲಿ ಕೊಟ್ಟದ್ದು 2.7 ಲಕ್ಷ, ಮಾರಿ ಬಂದದ್ದು 1.8 ಲಕ್ಷದ ಆಸುಪಾಸು. ತಂತಿ, ರಿಪೇರಿ, ಕೊರಿಯರ್ ಸೇರಿಸಿದರೆ ಲಕ್ಷದ ಮೇಲೆ ಹೋಗಿದೆ. ಹತ್ತನೆಯದು ಬಿಡಿಭಾಗ ತಂದು ನಾನೇ ಜೋಡಿಸಿದ ನಾಲ್ಕು ತಂತಿಯ ಬೇಸ್, ಒಟ್ಟು 34 ಸಾವಿರದೊಳಗೆ ಮುಗಿಯಿತು. "ಆರ್ಕೆಸ್ಟ್ರಾಗೆ ಐದು ತಂತಿ ಇಲ್ಲದೆ ಆಗಲ್ಲ", "ಜೋಡಿಸಿದ ಬೇಸ್ ಶ್ರುತಿ ನಿಲ್ಲಲ್ಲ" ಅಂತ ಜೊತೆಯಲ್ಲಿ ನುಡಿಸುವವರೆಲ್ಲ ಹೇಳಿದ್ದರು. ಎರಡು ಗಣೇಶನ ಸೀಸನ್, ಒಂದು ರಾಜ್ಯೋತ್ಸವದ ಸೀಸನ್ ಮುಗಿದವು, ಶ್ರುತಿ ನಿಂತಿದೆ. ಅವರಲ್ಲೇ ಇಬ್ಬರು ಈಗ ಅಳತೆ ಕೇಳುತ್ತಿದ್ದಾರೆ, ಅದಕ್ಕೇ ಬರೆದೆ.

ನಾನು ದುಡ್ಡು ಕಳೆದದ್ದು ಒಂದೇ ಕಾರಣಕ್ಕೆ: ಬದಲಾಯಿಸಬಹುದಾದ ಗುಣಕ್ಕೆ ಮರುಳಾಗಿ ಬೇಸ್ ಕೊಳ್ಳುತ್ತಿದ್ದೆ, ಬದಲಾಯಿಸಲಾಗದ ದೋಷ ಕಂಡು ಮಾರುತ್ತಿದ್ದೆ. ತೂಕ, ಹೆಗಲಿಗೆ ಹಾಕಿದಾಗ ನಿಲ್ಲುವ ರೀತಿ, ಸ್ಕೇಲ್ ಉದ್ದ (ತಂತಿ ಕಂಪಿಸುವ ಭಾಗದ ಉದ್ದ), ನಟ್ (ನೆಕ್, ಅಂದರೆ ಕತ್ತಿನ ತಲೆ ಕಡೆ ತಂತಿ ಕೂರುವ ಪಟ್ಟಿ) ಅಗಲ, ಪಿಕಪ್ (ತಂತಿಯ ಕಂಪನ ಹಿಡಿಯುವ ಅಯಸ್ಕಾಂತದ ಸುರುಳಿ) ಕೂತ ಜಾಗ, ಟ್ರಸ್ ರಾಡ್ (ನೆಕ್ ಒಳಗಿನ ಬಾಗು ತಿದ್ದುವ ಸರಳು) ಇನ್ನೂ ಎಷ್ಟು ತಿರುಗುತ್ತೆ ಅನ್ನೋದು, ಇಷ್ಟು ಬೇಸ್‌ನ ಹುಟ್ಟುಗುಣ. ತಂತಿ, ಆ್ಯಕ್ಷನ್ (ನೆಕ್ ಮೇಲೆ ತಂತಿಯ ಎತ್ತರ), ಪಿಕಪ್ ಎತ್ತರ, ಪಾಟ್ (ವಾಲ್ಯೂಮ್, ಟೋನ್ ತಿರುಗಿಸುವ ಭಾಗ), ಕೆಪಾಸಿಟರ್, ಕೊನೆಗೆ ಪಿಕಪ್ ಕೂಡ ಒಂದು ಭಾನುವಾರದ ಕೆಲಸ. ಅಂಗಡಿಯಲ್ಲಿ "ಆಹಾ" ಅನ್ನಿಸುವುದು ಬಹುಪಾಲು ಹೊಸ ತಂತಿಯ ಹೊಳಪು, ಮೂರು ವಾರದಲ್ಲಿ ಹೋಗುತ್ತೆ.

ಐದು ತಂತಿಯದ್ದೇ ದೊಡ್ಡ ಪಾಠ. 35 ಇಂಚಿನ ಸ್ಕೇಲ್, 4.7 ಕೆ.ಜಿ. ತೂಕ, ಕೊಂಡದ್ದು 52 ಸಾವಿರಕ್ಕೆ. ಮೂರೂವರೆ ಗಂಟೆ ಕಾರ್ಯಕ್ರಮ ಆದಮೇಲೆ ಎಡ ಹೆಗಲು ಎತ್ತಕ್ಕಾಗಲ್ಲ. ಅದನ್ನಾದರೂ ಸಹಿಸಬಹುದಿತ್ತು. ಕೆಳಗಿನ ಬಿ ತಂತಿ ಸುಮಾರು 31 ಹರ್ಟ್ಸ್. ಪೆಂಡಾಲಿನ ಸಬ್ ಬಾಕ್ಸ್‌ಗಳಲ್ಲಿ (ತಗ್ಗು ಸ್ವರದ ಸ್ಪೀಕರ್) ಹೆಚ್ಚಿನವು 40ರ ಕೆಳಗೆ ಮಾತಾಡಲ್ಲ, ಸೌಂಡ್‌ನವರು ಸ್ಪೀಕರ್ ಉಳಿಸಿಕೊಳ್ಳಲು ಅಲ್ಲೇ ಕತ್ತರಿಸಿರುತ್ತಾರೆ. ಜನಕ್ಕೆ ಕೇಳುವುದು ಅದರ ಒಂದು ಆಕ್ಟೇವ್ ಮೇಲಿನ 62 ಹರ್ಟ್ಸ್ ಮಾತ್ರ. ಅಲ್ಲಿಂದ 100ರವರೆಗಿನ ಜಾಗದಲ್ಲಿ ಢೋಲಕ್‌ನ ಎಡಗೈ, ತಬಲಾದ ಡಗ್ಗ, ರಿದಂ ಪ್ಯಾಡಿನ ಕಿಕ್, ಕೀಬೋರ್ಡಿನವರ ಎಡಗೈ ಎಲ್ಲ ಒಟ್ಟಿಗೆ ತುಂಬಿರುತ್ತೆ. ಆ ಗದ್ದಲದಲ್ಲಿ ಬಿ ತಂತಿ ಬರೀ ಗುಯ್‌ಗುಟ್ಟುತ್ತೆ, ಸ್ವರ ಯಾವುದು ಅಂತ ತಿಳಿಯಲ್ಲ. ನಾಲ್ಕು ತಂತಿಯ ಇ 41 ಹರ್ಟ್ಸ್, ಡಿ-ಟ್ಯೂನರ್ (ಇ ತಂತಿಯನ್ನು ಡಿ ಸ್ವರಕ್ಕೆ ಇಳಿಸುವ ಸಣ್ಣ ಲಿವರ್) ಎಳೆದರೆ 37ರ ಹತ್ತಿರ. ನಾನು ನುಡಿಸುವ ನೂರೈವತ್ತು ಹಾಡಿನಲ್ಲಿ ಇದಕ್ಕಿಂತ ಕೆಳಗೆ ಹೋಗಲೇಬೇಕಾದವು ಆರೋ ಏಳೋ. ಅವನ್ನು ಒಂದು ಆಕ್ಟೇವ್ ಮೇಲೆ ನುಡಿಸುತ್ತೇನೆ, ಈವರೆಗೆ ಯಾವ ಗಾಯಕರೂ ತಿರುಗಿ ನೋಡಿಲ್ಲ.

ಇನ್ನೊಂದು ನಷ್ಟ ನೆಕ್‌ನಲ್ಲಿ ಆಯ್ತು. 18 ಸಾವಿರಕ್ಕೆ ಸೆಕೆಂಡ್ ಹ್ಯಾಂಡ್ ಕೊಂಡದ್ದು, ಟ್ರಸ್ ರಾಡ್ ಆಗಲೇ ಕೊನೆ ಮುಟ್ಟಿತ್ತು. ಮಾರಿದ್ದು 9ಕ್ಕೆ, ದೋಷ ಹೇಳಿಯೇ ಮಾರಿದೆ. ಈಗ ಅಲೆನ್ ಕೀ ಜೇಬಿನಲ್ಲಿಲ್ಲದೆ ಯಾರ ಮನೆಗೂ ಬೇಸ್ ನೋಡಲು ಹೋಗಲ್ಲ. ಮೊದಲನೇ ಫ್ರೆಟ್‌ನಲ್ಲೂ (ಫ್ರೆಟ್ ಅಂದರೆ ನೆಕ್ ಮೇಲಿನ ಲೋಹದ ಅಡ್ಡಪಟ್ಟಿ) ಕೊನೇ ಫ್ರೆಟ್‌ನಲ್ಲೂ ಇ ತಂತಿ ಒತ್ತಿ ಏಳು–ಎಂಟನೇ ಫ್ರೆಟ್ ಹತ್ತಿರ ಸಂದು ನೋಡಿ. ವಿಸಿಟಿಂಗ್ ಕಾರ್ಡ್ ಸರಾಗವಾಗಿ ಹೋದರೆ ಸರಿ, ಎರಡು ಕಾರ್ಡ್ ಜೋಲಾಡಿದರೆ ರಾಡ್ ಬಿಗಿ ಮಾಡಬೇಕು. ಮಾಲೀಕರ ಒಪ್ಪಿಗೆ ಕೇಳಿ ಕಾಲು ಸುತ್ತು ತಿರುಗಿಸಿ. ತಿರುಗಿಸಿಯೂ ಸಂದು ಹಾಗೇ ಇದ್ದರೆ, ಅಥವಾ ಕಾಲು ಸುತ್ತೂ ಬರದಿದ್ದರೆ ಎದ್ದು ಬನ್ನಿ. ಬಾಡಿ ಕಡೆಯಿಂದ ನಟ್ ಕಡೆಗೆ ಒಂದು ಕಣ್ಣು ಮುಚ್ಚಿ ನೋಡಿದಾಗ ಎರಡು ಅಂಚು ಒಂದೇ ಸಮ ಕಾಣದಿದ್ದರೆ ನೆಕ್ ತಿರುಚಿದೆ, ಅದಕ್ಕೆ ಮದ್ದಿಲ್ಲ.

ಸ್ವರ ಹೋಲಿಸಿದ ಬಗೆ ಹೀಗೆ. ಆಗ ಕೈಯಲ್ಲಿದ್ದ ಎರಡು, ಗೆಳೆಯರಿಂದ ತಂದ ಮೂರು, ಒಟ್ಟು ಐದು ಬೇಸ್. ಎಲ್ಲಕ್ಕೂ ಒಂದೇ ಕಂಪನಿಯ 45–105 ದಪ್ಪದ ನಿಕಲ್ ತಂತಿ, ಒಂದೇ ಆ್ಯಕ್ಷನ್, ಒಂದೇ ಪಿಕಪ್ ಎತ್ತರ. ತಂತಿಗೇ 10 ಸಾವಿರ ಹೋಯಿತು, ಆದರೆ ಇದಕ್ಕಿಂತ ಚೆನ್ನಾಗಿ ಖರ್ಚಾದ ದುಡ್ಡು ಇಲ್ಲ. ಆಂಪ್ ಇಲ್ಲದೆ ಡಿಐ (ಬೇಸನ್ನು ನೇರ ರೆಕಾರ್ಡಿಂಗ್‌ಗೆ ಕೊಡುವ ಪೆಟ್ಟಿಗೆ) ಮೂಲಕ, ಇಕ್ಯೂ (ತಗ್ಗು-ಹೆಚ್ಚು ಸ್ವರ ತಿದ್ದುವ ಗುಂಡಿ) ಮುಟ್ಟದೆ ಎರಡು ತುಣುಕು ರೆಕಾರ್ಡ್ ಮಾಡಿದೆ: ನಿಧಾನದ ಭಾವಗೀತೆಯ ನಡೆ ಒಂದು, ಓಟದ ಕುಣಿತದ ನಡೆ ಒಂದು. ಫೈಲ್‌ಗಳ ಹೆಸರನ್ನು ಬೇರೊಬ್ಬರು ಅದಲುಬದಲು ಮಾಡಿದರು. ವಾರ ಬಿಟ್ಟು ಢೋಲಕ್, ಕೀಬೋರ್ಡ್ ಟ್ರ್ಯಾಕಿನ ಜೊತೆ ಕೇಳಿದೆ. ಒಂಟಿಯಾಗಿ ಕೇಳಿದಾಗ ಚೆಂದ ಇದ್ದದ್ದು ಹಾಡಿನೊಳಗೆ ಮುಳುಗಿತು. ಎರಡು ಸುತ್ತಿನಲ್ಲೂ ಮೇಲೆ ಬಂದದ್ದು ಪ್ರಿಸಿಷನ್ ಮಾದರಿಯ (ಫೆಂಡರ್ ಕಂಪನಿಯ ವಿನ್ಯಾಸ), ಐದರಲ್ಲಿ ಎರಡನೇ ಅಗ್ಗದ ಬೇಸ್. 1957ರಿಂದ ಬಂದಿರುವ ಆ ಎರಡು ತುಂಡಿನ ಪಿಕಪ್‌ಗೆ ಇನ್ನೊಂದು ಲಾಭ ಇದೆ, ಸುತ್ತಲಿನ ಕರೆಂಟಿನಿಂದ ಪಿಕಪ್ ಹೀರುವ ಹಮ್ (ಗುಂಯ್ ಸದ್ದು) ಬಹುಪಾಲು ಬರಲ್ಲ. ಫೆಂಡರ್‌ನದೇ ಇನ್ನೊಂದು ವಿನ್ಯಾಸ ಜಾಝ್ ಬೇಸ್‌ನಲ್ಲಿ ಎರಡೂ ಪಿಕಪ್‌ನ ವಾಲ್ಯೂಮ್ ಸಮ ಇಟ್ಟರೆ ಹಮ್ ಸತ್ತಿರುತ್ತೆ, ಒಂದನ್ನು ಇಳಿಸಿದ ತಕ್ಷಣ ಏಳುತ್ತೆ.

ಆದರೆ ನನ್ನ ಕೈಗೆ ಪ್ರಿಸಿಷನ್‌ನ ಅಗಲ ನೆಕ್ ಒಗ್ಗಲ್ಲ, 38 ಮಿ.ಮೀ. ನಟ್ ಇರುವ ಜಾಝ್ ನೆಕ್ಕೇ ಬೇಕು. ಎರಡರ ಹೀಲ್ (ಬಾಡಿಗೆ ಕೂರುವ ನೆಕ್ ಬುಡ) ಅಗಲವೂ 63.5 ಮಿ.ಮೀ., ಹಾಗಾಗಿ ಒಂದರದ್ದು ಇನ್ನೊಂದಕ್ಕೆ ಕೂರುತ್ತೆ. ಪಿಕಪ್, ಬ್ರಿಡ್ಜ್ (ಬಾಡಿ ಕಡೆ ತಂತಿ ಕೂರುವ ಭಾಗ) ಸಮೇತ ಬಾಡಿ 8,500, ನೆಕ್ 11,000. ಹಗುರ ಕೀ (ತಂತಿ ಬಿಗಿಯುವ ತಿರುಪು) ಸೆಟ್ ಸೆಕೆಂಡ್ ಹ್ಯಾಂಡ್ 5,500, ಡಿ-ಟ್ಯೂನರ್ 4,000ದ ಹತ್ತಿರ, ಫ್ಲಾಟ್‌ವೌಂಡ್ (ಚಪ್ಪಟೆ ಸುತ್ತಿನ ನುಣುಪು) ತಂತಿ 4,200. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ 250ಕೆ ಪಾಟ್, ಜ್ಯಾಕ್, ತಾಮ್ರದ ಟೇಪ್ ಎಲ್ಲ ಸೇರಿ 700. ಜೋಡಿಸಿ ಮುಗಿದಾಗ ತೂಕ 3.8 ಕೆ.ಜಿ.

ನೆಕ್‌ನ ಹಳೇ ತೂತು ಬಾಡಿಯ ತೂತಿಗೆ ಕೂಡಲಿಲ್ಲ, ಒಂದೂವರೆ ಮಿ.ಮೀ. ಪಕ್ಕ. ಅದರಲ್ಲೇ ಸ್ಕ್ರೂ ತುರುಕಿದರೆ ನೆಕ್ ಓರೆಯಾಗುತ್ತೆ. ತೇಗದ ಕಡ್ಡಿ ಕೆತ್ತಿ, ಮರದ ಗೋಂದು ಹಾಕಿ ತೂತು ಮುಚ್ಚಿ, ಒಂದು ರಾತ್ರಿ ಬಿಟ್ಟು ಸಮ ಮಾಡಿದೆ. ಆಮೇಲೆ ನೆಕ್ಕನ್ನು ಬಾಡಿಗೆ ಕ್ಲ್ಯಾಂಪ್ ಹಾಕಿ, ನಟ್‌ನ ಇ ಮತ್ತು ಜಿ ತಂತಿಯ ಕಚ್ಚಿನಿಂದ ಬ್ರಿಡ್ಜ್ ಸ್ಯಾಡಲ್‌ಗೆ ಹೊಲಿಗೆ ದಾರ ಎಳೆದೆ. ಕೊನೇ ಫ್ರೆಟ್ ಹತ್ತಿರ ಎರಡೂ ಅಂಚಿನಿಂದ ದಾರ ಸಮ ದೂರ ಬರುವತನಕ ಹೀಲನ್ನು ಸರಿಸಬೇಕು. ನನಗೆ ಮೂರನೇ ಸಲಕ್ಕೆ ಬಂತು. ಬಾಡಿಯ ತೂತಿನಿಂದಲೇ ಗುರುತು ಹಾಕಿ 3.2 ಮಿ.ಮೀ. ಬಿಟ್‌ನಲ್ಲಿ ಕೊರೆಯಿರಿ. ಎಷ್ಟು ಆಳ ಅಂತ ಬಿಟ್‌ಗೆ ಟೇಪ್ ಸುತ್ತಿಕೊಳ್ಳಿ, ಇಲ್ಲದಿದ್ದರೆ ಫಿಂಗರ್‌ಬೋರ್ಡ್ ತೂತಾಗುತ್ತೆ. ಸ್ಕ್ರೂಗೆ ಮೇಣ ಸವರಿ. ಬಾಡಿಯಲ್ಲಿ ನೆಕ್ ಕೂರುವ ಪಾಕೆಟ್‌ನಲ್ಲಿ ಕಾರ್ಡಿನ ಚೂರು ಇಟ್ಟು ನೆಕ್ ಎತ್ತುವುದು ನನಗೆ ಇಷ್ಟ ಇಲ್ಲ. ಹೀಲ್ ಕೆಳಗೆ ಟೊಳ್ಳು ಉಳಿಯುತ್ತೆ, ವರ್ಷಗಳಲ್ಲಿ ಕೊನೇ ಫ್ರೆಟ್‌ಗಳು ಮೇಲೇಳಬಹುದು. ಪೂರ್ತಿ ಉದ್ದದ ಓರೆ ಮರದ ಹಾಳೆ ಉಜ್ಜಿ ಇಟ್ಟೆ, ಒಂದು ಕಡೆ 0.5 ಮಿ.ಮೀ., ಇನ್ನೊಂದು ಕಡೆ ಸೊನ್ನೆ.

ಈ ನೆಕ್‌ನ ಫಿಂಗರ್‌ಬೋರ್ಡ್ ಇಂಡಿಯನ್ ಲಾರೆಲ್. ನಮ್ಮ ಮತ್ತಿ ಮರವೇ ಅದು. 2017ರಲ್ಲಿ ರೋಸ್‌ವುಡ್ ಸಾಗಾಟಕ್ಕೆ ಅಂತರರಾಷ್ಟ್ರೀಯ ಕಟ್ಟುಪಾಡು ಬಿಗಿಯಾದಾಗ ಬೀಟೆ ಬಿಟ್ಟು ಹಲವರು ಇದಕ್ಕೆ ಬಂದರು. 2019ರ ಕೊನೆಗೆ ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕರೂ ಮತ್ತಿ ಉಳಿದುಕೊಂಡಿತು. ಬೀಟೆಗಿಂತ ಒಣಗಿದಂತೆ ಕಾಣುತ್ತೆ, ವರ್ಷಕ್ಕೆರಡು ಸಲ ಎಣ್ಣೆ ಕೇಳುತ್ತೆ. ಧ್ವನಿಯಲ್ಲಿ ನನ್ನ ಕಿವಿಗೆ ವ್ಯತ್ಯಾಸ ಸಿಕ್ಕಿಲ್ಲ.

ಸೆಟಪ್ ಅಳತೆ: ರಿಲೀಫ್ (ನೆಕ್‌ನ ಬಾಗು) 0.3 ಮಿ.ಮೀ., ಹದಿನೇಳನೇ ಫ್ರೆಟ್‌ನಲ್ಲಿ ತಂತಿಯ ಎತ್ತರ ಇ 2.4, ಜಿ 2.0. ಕೊನೇ ಫ್ರೆಟ್ ಒತ್ತಿ ಪಿಕಪ್ ದೂರ ಇ ಕಡೆ 3.2, ಜಿ ಕಡೆ 2.4. ಇದಕ್ಕಿಂತ ಮೇಲೆ ತಂದರೆ ಅಯಸ್ಕಾಂತ ತಂತಿಯನ್ನು ಎಳೆದು ಇ ತಂತಿಯ ಮೇಲಿನ ಸ್ವರಗಳು ಅಲುಗುತ್ತವೆ. ಫ್ಲಾಟ್‌ವೌಂಡ್‌ಗೆ ಎಳೆತ ಜಾಸ್ತಿ, ಹಾಕಿದ ದಿನ ಕಾಲು ಸುತ್ತು, ಮೂರನೇ ದಿನ ಅದರ ಅರ್ಧದಷ್ಟು ರಾಡ್ ಬಿಗಿ ಮಾಡಿದೆ. ಮಂಗಳೂರು, ಉಡುಪಿ ಕಡೆ ಮಳೆಗಾಲದಲ್ಲಿ ಕಾರ್ಯಕ್ರಮ ಇದ್ದರೆ ಹಿಂದಿನ ದಿನವೇ ತಲುಪಿ ರಿಲೀಫ್ ನೋಡಬೇಕು. ಯಾವ ಕಡೆ ಬಾಗುತ್ತೆ ಅನ್ನೋದು ನೆಕ್‌ನಿಂದ ನೆಕ್‌ಗೆ ಬೇರೆ.

ಪಕ್ಕದ ಪ್ರಯೋಗ ಕೆಲವು ಆದವು. ಹಳೇ ತಂತಿ ಕುದಿಸಿದೆ, ಎರಡು ಕಾರ್ಯಕ್ರಮದ ಮಟ್ಟಿಗೆ ಹೊಳಪು ಬಂತು, ಮೂರನೆಯದಕ್ಕೆ ಸತ್ತಿತು. ಸ್ಪಿರಿಟ್‌ನಲ್ಲಿ ಒಂದು ರಾತ್ರಿ ನೆನೆಸಿದ್ದು ಅದಕ್ಕಿಂತ ಬಾಳಿತು. 30 ಇಂಚಿನ ಶಾರ್ಟ್ ಸ್ಕೇಲ್ ಒಂದು ತಿಂಗಳು ಇಟ್ಟುಕೊಂಡೆ, ಕೈಗೆ ಸುಖ, ಇ ತಂತಿ ಮಾತ್ರ ಸಡಿಲ. ಬ್ರಿಡ್ಜ್ ಹತ್ತಿರ ಫೋಮ್ ಇಡುವುದು ಅಮೆರಿಕದ ಬೇಸ್ ವಾದಕ ಜೇಮ್ಸ್ ಜೇಮರ್ಸನ್ ಕಾಲದಿಂದ ಎಲ್ಲರಿಗೂ ಗೊತ್ತು. ಸಾಧಾರಣ ಪ್ಯಾಕಿಂಗ್ ಫೋಮ್ ಇಟ್ಟರೆ ಸ್ವರವೇ ಉಸಿರುಗಟ್ಟುತ್ತೆ. ನಾನು ಇಡುವುದು ಬೇರೆ ವಸ್ತು, ಅದೂ ನಾಲ್ಕರಲ್ಲಿ ಎರಡು ತಂತಿಗೆ ಮಾತ್ರ. ಏನು, ಯಾವ ತಂತಿಗೆ ಅನ್ನೋದು ನನ್ನಲ್ಲೇ ಇರಲಿ. ಟೋನ್ ಕೆಪಾಸಿಟರ್ ಕೂಡ 0.047 ಮೈಕ್ರೋಫ್ಯಾರಡ್ ಅಲ್ಲ, ಅಷ್ಟು ಹೇಳುತ್ತೇನೆ.

ಇನ್ನು ಡೆಡ್ ಸ್ಪಾಟ್, ಅಂದರೆ ಸ್ವರ ಬೇಗ ಸಾಯುವ ಜಾಗ. ಮೊದಲಿದ್ದ ಭಾರದ ಕೀ ಇದ್ದಾಗ ಜಿ ತಂತಿಯ ಐದನೇ ಫ್ರೆಟ್, ಅಂದರೆ ಸಿ ಸ್ವರ, ಎರಡೇ ಸೆಕೆಂಡಿಗೆ ಸಾಯುತ್ತಿತ್ತು. ಆರನೆಯದು ಆರು ಸೆಕೆಂಡ್ ನಿಲ್ಲುತ್ತಿತ್ತು. ತಂತಿಯ ಕಂಪನ ನೆಕ್‌ನ ಸ್ವಂತ ಕಂಪನಕ್ಕೆ ಕೂಡಿದಾಗ ನೆಕ್ ಶಕ್ತಿಯನ್ನೆಲ್ಲ ಹೀರಿಕೊಳ್ಳುತ್ತೆ. ಹೆಡ್‌ಸ್ಟಾಕ್‌ಗೆ (ಕೀಗಳಿರುವ ನೆಕ್‌ನ ತಲೆಗೆ) ಚಿಕ್ಕ ಸಿ-ಕ್ಲ್ಯಾಂಪ್ ಕಚ್ಚಿಸಿ ನೋಡಿದೆ: ಭಾರ ಏರಿದಂತೆ ಸತ್ತ ಜಾಗ ನಾಲ್ಕನೇ ಫ್ರೆಟ್ ಕಡೆ ಜಾರಿತು. ಹಗುರ ಕೀ ಹಾಕಿದಾಗ ಉಲ್ಟಾ, ಆರನೇ ಫ್ರೆಟ್‌ಗೆ ಏರಿತು. ಸಿ ನನಗೆ ಪ್ರತಿ ಎರಡನೇ ಹಾಡಿನಲ್ಲಿ ಬೇಕು, ಸಿ ಶಾರ್ಪ್ ಅಷ್ಟು ಬೇಡ, ಬೇಕಾದಾಗ ಡಿ ತಂತಿಯ ಹನ್ನೊಂದರಲ್ಲಿ ಹಿಡಿಯುತ್ತೇನೆ. ಅದೇ ಕೀಯಿಂದ ಹೆಡ್‌ಸ್ಟಾಕ್ ನೆಲ ನೋಡುವುದೂ ನಿಂತಿತು, ಈಗ ಕೈ ಬಿಟ್ಟರೂ ಬೇಸ್ ಇದ್ದಲ್ಲೇ ಇರುತ್ತೆ.

ಉಳಿದಿರುವ ಕೆಲಸ ಒಂದೇ. ಡಿ-ಟ್ಯೂನರ್ ವಾಪಸ್ ಎಳೆದಾಗ ಇ ಸ್ವಲ್ಪ ತಗ್ಗಿ ನಿಲ್ಲುತ್ತೆ, ಏಕೆಂದರೆ 105 ಫ್ಲಾಟ್ ತಂತಿ ನಟ್‌ನ ಕಚ್ಚಿನಲ್ಲಿ ಹಿಡಿಯುತ್ತಿದೆ. ಪೆನ್ಸಿಲ್ ಸೀಸದ ಪುಡಿ ಹಾಕಿದರೆ ಎರಡು ವಾರ ಸರಿ ಇರುತ್ತೆ. ನಟ್ ಫೈಲ್ ತರಿಸಿದ್ದೇನೆ, ಈ ದಸರಾ ಮುಗಿದ ಮೇಲೆ ಕಚ್ಚಿನ ಪಕ್ಕಗಳನ್ನು ಕೂದಲೆಳೆಯಷ್ಟು ಅಗಲ ಮಾಡಬೇಕು, ತಳ ಮುಟ್ಟಬಾರದು.