‘ಇಫ್’ ಪಕ್ಕದಲ್ಲಿ ‘ವಿಲ್’ಗೆ ಏನು ಕೆಲಸ?

ದಾವಣಗೆರೆಯ ಡಿಟಿಪಿ ಅಂಗಡಿಯೊಂದರಲ್ಲಿ ಹುಡುಗರ ಕೆಲಸದ ಅರ್ಜಿಗಳನ್ನು ಆಗಾಗ ತಿದ್ದಿಕೊಡುತ್ತೇನೆ. ಕಾಗದ ಚೆನ್ನಾಗಿರುತ್ತದೆ, ಫೋಟೊ ಚೆನ್ನಾಗಿರುತ್ತದೆ. ಕೊನೆಯಲ್ಲಿ ಮಾತ್ರ ಅದೇ ತಪ್ಪು ಇಂಗ್ಲಿಷ್ ಸಾಲು: ‘ಇಫ್ ಐ ವಿಲ್ ಗೆಟ್ ದಿಸ್ ಜಾಬ್, ಐ ವಿಲ್ ವರ್ಕ್ ಹಾರ್ಡ್.’

ಮೊದಲು ನಿಮ್ಮ ಮಾತನ್ನು ಕನ್ನಡದಲ್ಲೇ ಹೇಳಿಕೊಳ್ಳಿ. ‘ಸಿಕ್ಕರೆ’ಯೋ, ‘ಸಿಕ್ಕಿದ್ದರೆ’ಯೋ?

‘ಸಿಕ್ಕರೆ’ ಆದರೆ ಇಫ್ ಇರುವ ಭಾಗದಿಂದ ವಿಲ್ ತೆಗೆಯಿರಿ. ಎಲ್ಲರೂ ಎಡವುವುದು ಇಲ್ಲೇ. ಮುಂದಿನ ಮಾತಲ್ವಾ, ವಿಲ್ ಬೇಡವೇ ಎಂದು ಕೇಳುತ್ತಾರೆ. ರಸ್ತೆ ಮೇಲೆ ಮೆಕ್ಕೆಜೋಳ ಒಣಹಾಕಿದ ನಮ್ಮ ರೈತರನ್ನೇ ನೋಡಿ. ‘ಮಳೆ ಬಂದರೆ ತಾಡಪಾಲು ಹೊದಿಸೋಣ’ ಅಂತಾರೆ. ಮಳೆ ಇನ್ನೂ ಬಂದಿಲ್ಲ, ಆದರೂ ‘ಬಂದರೆ’ ಹುಟ್ಟಿದ್ದು ‘ಬಂದ’ ಎಂಬ ರೂಪದಿಂದ. ಮುಂದಿನ ಕಾಲ ‘ಹೊದಿಸೋಣ’ದಲ್ಲಿದೆ. ಇಂಗ್ಲಿಷಿನಲ್ಲೂ ಅಷ್ಟೇ: ‘ಇಫ್ ಇಟ್ ರೇನ್ಸ್, ವಿ ವಿಲ್ ಕವರ್ ದಿ ಮೇಜ್.’ ವಿಲ್ ಒಂದೇ ಕಡೆ.

‘ಇಫ್ ಯು ವಿಲ್ ವೇಟ್ ಎ ಮಿನಿಟ್’ ಸರಿಯಲ್ವಾ ಎಂದು ಯಾರೋ ವಾದಕ್ಕೆ ಬರುತ್ತಾರೆ. ಸರಿಯೇ. ಅಲ್ಲಿ ವಿಲ್ ಎಂದರೆ ಮನಸ್ಸು ಮಾಡುವುದು. ನಮ್ಮ ‘ದಯವಿಟ್ಟು ಕಾಯುವುದಾದರೆ’ ಇದ್ದಂತೆ. ಅರ್ಜಿಯಲ್ಲಿ ಅದರ ತಂಟೆ ಬೇಡ.

‘ಸಿಕ್ಕಿದ್ದರೆ’ ಸ್ವಲ್ಪ ಮೋಸದ್ದು. ‘ದುಡ್ಡು ಇದ್ದಿದ್ದರೆ’ ಎಂದು ನಾವು ಇವತ್ತಿಗೂ ಹೇಳುತ್ತೇವೆ, ಹೋದ ವರ್ಷಕ್ಕೂ ಹೇಳುತ್ತೇವೆ. ಇಂಗ್ಲಿಷಿನಲ್ಲಿ ಎರಡೂ ಬೇರೆ. ಇವತ್ತಿನ ಮಾತಾದರೆ ‘ಇಫ್ ಐ ಹ್ಯಾಡ್ ಮನಿ, ಐ ವುಡ್ ಬೈ ಎ ಬೈಕ್.’ ಹೋದ ವರ್ಷದ್ದಾದರೆ ‘ಇಫ್ ಐ ಹ್ಯಾಡ್ ಹ್ಯಾಡ್ ಮನಿ, ಐ ವುಡ್ ಹ್ಯಾವ್ ಬಾಟ್ ಎ ಬೈಕ್.’ ಹ್ಯಾಡ್ ಎರಡು ಸಲ ಬಂತೆಂದು ಒಂದನ್ನು ಹೊಡೆದುಹಾಕಬೇಡಿ. ‘ಇಫ್ ಐ ವುಡ್ ಹ್ಯಾವ್’ ಅಂತೂ ಬೇಡವೇ ಬೇಡ.

ಇಫ್ ಮೊದಲು ಬಂದರೆ ನಡುವೆ ಅಲ್ಪವಿರಾಮ, ಆಮೇಲೆ ಬಂದರೆ ಬೇಡ. ‘ದೆನ್’ ಇಲ್ಲದೆಯೂ ನಡೆಯುತ್ತದೆ, ನಾನಂತೂ ಹಾಕುವುದಿಲ್ಲ. ‘ಇಫ್ ಹಿ ಕಮ್ಸ್ ಮೀನ್ಸ್’ ಎಂಬ ಮೀನ್ಸ್ ನಮ್ಮ ‘ಅಂದ್ರೆ’ಯ ನೆರಳು, ಬಾಯಲ್ಲೇ ಇರಲಿ.

ಅನ್‌ಲೆಸ್ ಎಂದರೆ ‘ಇಲ್ಲದಿದ್ದರೆ’. ‘ಇಲ್ಲ’ ಒಳಗೇ ಇದೆ. ‘ಅನ್‌ಲೆಸ್ ಯು ಡೋಂಟ್ ಪೇ’ ಎಂದು ನೋಟಿಸ್ ಬರೆದರೆ, ದುಡ್ಡು ಕಟ್ಟಿದವರಿಗೇ ದಂಡ ಹಾಕಿದಂತೆ!

ಬಸ್ ಸ್ಟ್ಯಾಂಡಿನಲ್ಲಿ ಸಿಗುವ ರೆಡಿಮೇಡ್ ಪತ್ರಗಳ ಪುಸ್ತಕ ನಂಬಿ ಸುಮ್ನೆ ನಕಲು ಹೊಡೆಯಬೇಡಿ. ನಾನು ಕೊಂಡಿದ್ದರಲ್ಲಿ ‘ಇಫ್’ ಬರೆಯಬೇಕಾದಲ್ಲೆಲ್ಲ ‘ಇನ್ ಕೇಸ್’ ಇತ್ತು. ಮಳೆ ಬಂದ ಮೇಲೆ ತಾಡಪಾಲು ಹೊದಿಸುವುದು ಇಫ್. ಬಂದರೂ ಬಂದೀತು ಎಂದು ಬೆಳಿಗ್ಗೆಯೇ ತಂದಿಟ್ಟುಕೊಳ್ಳುವುದು ಇನ್ ಕೇಸ್.