ನೇಪಾಳಕ್ಕೆ ಹಳೇ ಬಟ್ಟೆ ಒಯ್ಯಲಿಲ್ಲ, ಗೌಂಡಿಗಳನ್ನು ಕರೆದುಕೊಂಡು ಹೋದೆವು

ನಮ್ಮದು ಬಳ್ಳಾರಿ ಜಿಲ್ಲೆ ಸಿರುಗುಪ್ಪ ಕಡೆಯ ಚಿಕ್ಕ ಕ್ರೈಸ್ತ ಸಭೆ. 2016ರ ಮಾರ್ಚ್‌ನಲ್ಲಿ ನಾವು ಎಂಟು ಜನ ನೇಪಾಳದ ಗೋರ್ಖಾ ಜಿಲ್ಲೆಗೆ ಹೋಗಿ ಒಂಬತ್ತು ದಿನ ಕೆಲಸ ಮಾಡಿ ಬಂದೆವು. ನಾವೂ ಹೀಗೆ ಎಲ್ಲಿಗಾದರೂ ಹೋಗಬೇಕು, ನೀವು ಹೇಗೆ ಮಾಡಿದಿರಿ ಅಂತ ಬೇರೆ ಸಭೆಯ ಯೌವನಸ್ಥರು ಆಗಾಗ ಕೇಳುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು 2009ರ ಮಾತು ಹೇಳಬೇಕು. ಆ ಸೆಪ್ಟೆಂಬರ್ ಕೊನೆಯ ಮಳೆಗೆ ತುಂಗಭದ್ರೆ ಉಕ್ಕಿ ನಮ್ಮ ಕಡೆ, ರಾಯಚೂರು ಕಡೆ, ಆಚೆ ಮಂತ್ರಾಲಯ ಎಲ್ಲಾ ನೀರು ನುಗ್ಗಿತ್ತು. ನಮ್ಮ ಮಣ್ಣಿನ ಮಾಳಿಗೆ ರಾತ್ರಿ ಕುಸಿಯಿತು. ಆಮೇಲೆ ಲಾರಿಗಳು ಬಂದವು, ತುಂಬಾ ಹಳೇ ಬಟ್ಟೆ. ಅವ್ವ ಆ ಗುಡ್ಡೆಯಲ್ಲಿ ಅರ್ಧ ಗಂಟೆ ಹುಡುಕಿದಳು. ಸಿಕ್ಕಿದ್ದು ಹುಕ್ ಕಿತ್ತುಹೋದ ಒಂದು ಕುಪ್ಪಸ, ಯಾವುದೋ ಮಗುವಿನ ಶಾಲೆಯ ಟೈ. ಅವಳಿಗೆ ಬೇಕಿದ್ದದ್ದು ನೀರು ತುಂಬಿಡೋಕೆ ಒಂದು ಕೊಡ. ಕೊಟ್ಟವರ ಮನಸ್ಸು ಒಳ್ಳೆಯದೇ, ಆದರೆ ಏನು ಬೇಕಮ್ಮಾ ಅಂತ ಯಾರೂ ಕೇಳಿರಲಿಲ್ಲ.

2015ರ ಏಪ್ರಿಲ್ 25ರಂದು ನೇಪಾಳದಲ್ಲಿ 7.8 ತೀವ್ರತೆಯ ಭೂಕಂಪ ಆದಾಗ ನಮ್ಮ ಸಭೆಯಲ್ಲೂ ಕೆಲವರು ಮೂಟೆ ಕಟ್ಟೋಕೆ ಶುರು ಮಾಡಿದರು. ನಾನು ಬೇಡ ಅಂತ ಹಟ ಹಿಡಿದೆ. ನಮ್ಮ ಪಾಸ್ಟರ್ ಜೊತೆ ಬೆಂಗಳೂರಲ್ಲಿ ಓದಿದ ಒಬ್ಬರು ಗೋರ್ಖಾದಲ್ಲಿ ಪಾಸ್ಟರ್ ಆಗಿದ್ದರು, ಅವರಿಗೇ ಫೋನ್ ಮಾಡಿದೆವು. ಈಗಲೇ ಬರಬೇಡಿ, ಇರೋ ಅನ್ನ ನೀರನ್ನು ನಿಮಗೂ ಹಂಚಬೇಕಾಗುತ್ತೆ ಅಂದರು. ಆಮೇಲೆ ಮಳೆಗಾಲ, ಅದು ಮುಗಿಯುವಷ್ಟರಲ್ಲಿ ಗಡಿಯಲ್ಲಿ ಸರಕು ನಿಂತಿತು. ಫೆಬ್ರವರಿಯಲ್ಲಿ ಅವರೇ ಫೋನ್ ಮಾಡಿ, "ಸಾಮಾನು ಇಲ್ಲೇ ಸಿಗುತ್ತೆ, ಕೈ ಬೇಕು. ಊರಲ್ಲಿ ಹುಡುಗರೇ ಇಲ್ಲ" ಅಂದರು. ನಮ್ಮ ಕಡೆ ಬೆಂಗಳೂರಿಗೆ ಗುಳೆ ಹೋಗ್ತಾರಲ್ಲ, ಅಲ್ಲಿನ ಹುಡುಗರು ಕತಾರ್, ಮಲೇಷ್ಯಾಕ್ಕೆ ಹೋಗುತ್ತಾರೆ. ಊರಲ್ಲಿ ಉಳಿದವರು ಮುದುಕರು, ಹೆಂಗಸರು, ಮಕ್ಕಳು.

ಹಾಗಾಗಿ ಹಾಡು ಚೆನ್ನಾಗಿ ಹಾಡುವವರನ್ನಲ್ಲ, ಕೆಲಸ ಬಲ್ಲವರನ್ನು ಆರಿಸಿದೆವು. ಇಬ್ಬರು ಗೌಂಡಿಗಳು, ಒಬ್ಬ ವೆಲ್ಡರ್, ಒಬ್ಬ ಬಡಗಿ, ಮಿಕ್ಕವರು ಕಲ್ಲು ಹೊರೋಕೆ. ಪ್ರಯಾಣದ ಖರ್ಚು ಅವರವರದೇ, ದುಡಿಯುವ ಗೌಂಡಿಗಳದ್ದು ಮಾತ್ರ ನಾವು ಉಳಿದವರು ಹಂಚಿಕೊಂಡೆವು. ಕಾಣಿಕೆ ಹಣದಲ್ಲಿ ಒಂದು ರೂಪಾಯಿಯೂ ಟಿಕೆಟ್‌ಗೆ ಹೋಗಬಾರದು ಅಂತ ಮೊದಲೇ ಮಾತಾಗಿತ್ತು. ಗೋರಖ್‌ಪುರದವರೆಗೆ ರೈಲು, ಅಲ್ಲಿಂದ ಸುನೌಲಿ ಗಡಿ ದಾಟಿ ಬಸ್ಸು. ಭಾರತದವರಿಗೆ ವೀಸಾ ಬೇಡ, ವೋಟರ್ ಐಡಿ ಸಾಕು. ನಮ್ಮ ನೂರು ರೂಪಾಯಿಗೆ ಅಲ್ಲಿ 160. 100ರ ನೋಟುಗಳನ್ನೇ ಒಯ್ದಿದ್ದೆವು. ಭಾಷೆಯ ಚಿಂತೆ ಇತ್ತು, ಆದರೆ ಬಳ್ಳಾರಿಯಲ್ಲಿ ಬೆಳೆದವರಿಗೆ ಅಷ್ಟಿಷ್ಟು ಉರ್ದು ಬರುತ್ತಲ್ವಾ, ಅದರಲ್ಲೇ ನಡೆಯಿತು.

ಹೊರಡುವ ಮುಂಚೆ ಇನ್ನೊಂದು ತೀರ್ಮಾನ ಮಾಡಿದ್ದೆವು: ಕರಪತ್ರ ಹಂಚೋದಿಲ್ಲ, ಯಾರ ಮನೆಯಲ್ಲೂ ಬೋಧನೆ ಮಾಡೋದಿಲ್ಲ. 2015ರ ಸೆಪ್ಟೆಂಬರ್‌ನಲ್ಲಿ ಬಂದ ಅಲ್ಲಿನ ಸಂವಿಧಾನದಲ್ಲಿ ಮತಾಂತರಕ್ಕೆ ತಡೆ ಇದೆ, ಅದೊಂದು ಕಾರಣ. ಕಾನೂನು ಇರದಿದ್ದರೂ ನನ್ನ ಮಾತು ಅದೇ. ಮನೆ ಬಿದ್ದವರ ಮುಂದೆ ತಗಡಿನ ಜೊತೆ ಬೋಧನೆ ಇಡಬಾರದು. ಯಾರ ಮನೆ ಮೊದಲು ಅನ್ನೋದನ್ನು ಊರಿನ ಹಿರಿಯರೇ ಹೇಳಿದರು. ಮೊದಲ ನಾಲ್ಕರಲ್ಲಿ ಒಂದೂ ಕ್ರೈಸ್ತರ ಮನೆ ಇರಲಿಲ್ಲ.

ಪಕ್ಕಾ ಮನೆಗೆ ಜನ ಇನ್ನೂ ಸರ್ಕಾರದ ಸಹಾಯಧನಕ್ಕೆ ಕಾಯುತ್ತಿದ್ದರು. ನಾವು ಮಾಡಿದ್ದು ಬಿದ್ದ ಕಲ್ಲು ತೆಗೆದು ಒಟ್ಟೋದು, ತಗಡಿನ ಶೆಡ್ ಗಟ್ಟಿ ಮಾಡೋದು, ಮೂರು ಕಕ್ಕಸು ಕಟ್ಟೋದು. ತಗಡಿಗೆ ಅವರು 'ಜಸ್ತಾ' ಅನ್ನುತ್ತಾರೆ. ಅಲ್ಲಿನ ಗೋಡೆಗಳು ಬರೀ ಕಲ್ಲು, ಮಣ್ಣು. ಉದ್ದಕ್ಕೂ ಹಿಡಿದು ನಿಲ್ಲಿಸುವ ಪಟ್ಟಿ ಇಲ್ಲ, ಮೂಲೆಗೆ ಉದ್ದ ಕಲ್ಲಿಲ್ಲ. ನಮ್ಮ ಹಿರಿಯ ಗೌಂಡಿ ಅಣ್ಣ ಒಂದು ಮೂಲೆಯ ಮುಂದೆ ತುಂಬಾ ಹೊತ್ತು ಕೂತು, "ನಮ್ಮೂರ ಗೋಡೆನೂ ಹಿಂಗೇ ಅದಾವಲ್ಲೋ" ಅಂದ.

ಒಬ್ಬ ಅಜ್ಜಿ ದಿನವೂ ನಮ್ಮ ಪಕ್ಕ ಕೂತು ಹಳೇ ತೊಲೆಗಳಿಂದ ಮೊಳೆ ಕೀಳುತ್ತಿದ್ದಳು. ಕಿತ್ತ ಮೊಳೆಯನ್ನು ಚಪ್ಪಟೆ ಕಲ್ಲಿನ ಮೇಲಿಟ್ಟು, ತಿರುಗಿಸಿ ತಿರುಗಿಸಿ ಬಡಿದು ನೆಟ್ಟಗೆ ಮಾಡಿ, ಒಂದು ಹಿತ್ತಾಳೆ ಲೋಟಕ್ಕೆ ಹಾಕುತ್ತಿದ್ದಳು. ಹೊಸ ಮೊಳೆ ತರುತ್ತೇವೆ ಅಂದರೆ, ಈ ಮೊಳೆ ನನ್ನ ಗಂಡ ಹೊಡೆದದ್ದು ಅಂದಳು. ಅವಳ ಶೆಡ್‌ಗೆ ಆ ಮೊಳೆಗಳನ್ನೇ ಹೊಡೆದೆವು.

ಶನಿವಾರ ಕೆಲಸ ನಿಲ್ಲಿಸಿ ಆರಾಧನೆಗೆ ಹೋದೆವು. ನೇಪಾಳದಲ್ಲಿ ವಾರದ ರಜೆ ಶನಿವಾರ, ಸಭೆ ಸೇರುವುದೂ ಅಂದೇ. ಭೂಕಂಪ ಆದದ್ದೂ ಶನಿವಾರವೇ, ಮಧ್ಯಾಹ್ನ 12ಕ್ಕೆ ನಾಲ್ಕು ನಿಮಿಷ ಇರುವಾಗ. ಎಷ್ಟೋ ಸಭೆಗಳಲ್ಲಿ ಜನ ಪ್ರಾರ್ಥನೆಯಲ್ಲಿದ್ದರು. ಆ ಹೊತ್ತು ಹತ್ತಿರ ಬಂದಾಗ ಇವತ್ತಿಗೂ ಕೆಲವರು ಎದ್ದು ಬಾಗಿಲ ಬಳಿ ನಿಲ್ಲುತ್ತಾರೆ ಅಂತ ಪಾಸ್ಟರ್ ಹೇಳಿದ್ದರು. ನಾನು ಕಣ್ಣಾರೆ ನೋಡಿದೆ. ಯಾರೂ ಅವರನ್ನು ಕೂರಿ ಅನ್ನಲಿಲ್ಲ.

ತಪ್ಪೂ ಆಯಿತು. ಮೊದಲ ಎರಡು ದಿನ ನಮ್ಮ ಬಡಗಿಯೇ ಎಲ್ಲಾ ಮಾಡಿದ, ಅಲ್ಲಿನ ಬಡಗಿಗೆ ಕೂಲಿ ತಪ್ಪಿತು. ಗೊತ್ತಾದ ಮೇಲೆ ಅವನನ್ನೇ ಮೇಸ್ತ್ರಿ ಮಾಡಿ, ಆ ಎರಡು ದಿನದ್ದೂ ಸೇರಿಸಿ ಕೂಲಿ ಕೊಟ್ಟು, ನಾವು ಅವನ ಕೈಕೆಳಗೆ ದುಡಿದೆವು. ಕೆಲಸವೂ ಚುರುಕಾಯಿತು, ಅಲ್ಲಿನ ಗಾಳಿ ಯಾವ ಕಡೆಯಿಂದ ಬರುತ್ತೆ ಅಂತ ಅವನಿಗೇ ಗೊತ್ತಿದ್ದದ್ದು. ಹೋಗುವವರು ಇದನ್ನು ಮೊದಲ ದಿನವೇ ಮಾಡಿ.

ಬಂದ ಭಾನುವಾರವೇ ಸಭೆಯ ಮುಂದೆ ಲೆಕ್ಕ ಓದಿದೆವು, ಬಿಲ್‌ಗಳನ್ನು ಗೋಡೆಗೆ ಹಚ್ಚಿದೆವು. ಕಕ್ಕಸುಗಳಿಗೆ ಬಾಗಿಲು ಇಡಿಸೋಕೆ ದುಡ್ಡು ಅಲ್ಲೇ ಕೊಟ್ಟು ಬಂದಿದ್ದೆವು. ತಿಂಗಳ ನಂತರ ಫೋಟೋ ಬಂತು. ಮೂರೂ ಬಾಗಿಲಿಗೆ ನೀಲಿ ಬಣ್ಣ ಹೊಡೆದಿದ್ದರು.