ಶ್ರೀಗಂಧ ಸೊರಗಿದರೆ ಯೂರಿಯಾ ಬೇಡ, ಜೊತೆಗಿಡ ನೋಡಿ

ಕುಷ್ಟಗಿ, ಯಲಬುರ್ಗಾ ಕಡೆಯ ಮಸಾರಿ ಹೊಲಗಳಲ್ಲಿ ಶ್ರೀಗಂಧ ಹಚ್ಚಿದವರು ಎಲೆ ಹಳದಿಯಾದ ಕೂಡಲೇ ಯೂರಿಯಾ ಹಾಕುತ್ತಾರೆ. ಕೊರತೆ ಇರುವುದು ಬೇರಿನಲ್ಲಿ. ಗಂಧ ಹಸಿರೆಲೆಯಿಂದ ಆಹಾರವನ್ನು ತಾನೇ ಮಾಡಿಕೊಂಡರೂ ನೀರು, ಸಾರಜನಕ, ಲವಣಗಳಿಗೆ ಪಕ್ಕದ ಗಿಡದ ಬೇರಿಗೆ ಹೀರುಬೇರು ಕಚ್ಚಬೇಕು. ಬೀಜದಲ್ಲಿದ್ದ ಸಾರ ಮುಗಿದ ಮೇಲೆ ಕಚ್ಚಲು ಬೇರು ಸಿಗದ ಸಸಿ ಗಿಡ್ಡಾಗಿ ನಿಂತುಬಿಡುತ್ತದೆ.

ಎರಡು ಪಾಲು ಮರಳು, ಒಂದು ಪಾಲು ಕೆಂಪು ಮಣ್ಣು, ಒಂದು ಪಾಲು ಕಳಿತ ತಿಪ್ಪೆಗೊಬ್ಬರ ಬೆರೆಸಿ, ಒಂದಡಿ ಎತ್ತರದ ಚೀಲ ತುಂಬಿ, ನಾಲ್ಕೈದು ಎಲೆಯ ಸಸಿ ನೆಡಿ.

ಕೆಡುವುದು ಮುಂದಿನ ಹಂತದಲ್ಲಿ. ಸಸಿ ಬೇರೂರಿದ ಮೇಲೆ, ಸುಮಾರು ಎರಡು ವಾರಕ್ಕೆ, ಜೊತೆಗಿಡವಾಗಿ ಚೀಲದ ಅಂಚಿನಲ್ಲಿ ಎರಡು ತೊಗರಿ ಕಾಳು ಊರಿ, ಒಂದನ್ನೇ ಉಳಿಸಿ. ತೊಗರಿ ಗಂಧಕ್ಕಿಂತ ಎತ್ತರವಾದರೆ ನೆರಳು ಬೀಳುತ್ತದೆ, ಚೀಲದ ನೀರನ್ನೂ ಅದೇ ಕುಡಿಯುತ್ತದೆ. ಆಗ ಕಿತ್ತರೆ ಹೀರುಬೇರುಗಳೂ ಹರಿದು ಹೋಗುತ್ತವೆ. ಗಂಧದ ಅರ್ಧ ಎತ್ತರಕ್ಕೆ ಕತ್ತರಿಯಿಂದ ಕತ್ತರಿಸಿ, ಬುಡ ಬಿಡಿ. ಕತ್ತರಿಸುವ ಕೆಲಸ ಕಡಿಮೆ ಬೇಕಿದ್ದರೆ ತೊಗರಿ ಬದಲು ಹೊನಗೊನ್ನೆ ಸೊಪ್ಪಿನ ಕಡ್ಡಿ ಊರುವುದೇ ಮೇಲು, ನೆಲಕ್ಕೆ ಹರಡಿಕೊಂಡು ಚಿಗುರುತ್ತದೆ.

ಸಸಿ ಕೊಳ್ಳುವಾಗ ಒಂದು ಚೀಲ ಬಕೆಟ್ ನೀರಲ್ಲಿ ಅದ್ದಿ ಮಣ್ಣು ತೊಳೆಸಿ ನೋಡಿ. ಜೊತೆಗಿಡದ ಬೇರನ್ನು ತಬ್ಬಿದ, ಗಂಧದ ಬೇರಿನದೇ ಪುಟ್ಟ ಬಿಳಿಚ ಉಬ್ಬುಗಳಿರಬೇಕು, ಅವೇ ಹೀರುಬೇರು. ತೊಗರಿಯ ಸ್ವಂತ ಬೇರುಗಂಟು ಬೇರೆ, ಅದನ್ನು ಸೀಳಿದರೆ ಒಳಗೆ ಗುಲಾಬಿ ಬಣ್ಣ. ಬಿಳಿಚ ಉಬ್ಬುಗಳಿಲ್ಲದ ಸಸಿ ಬೇಡ. ಗಂಧಕ್ಕೆಂದೇ ಮಾರುವ ಬೂಸ್ಟರ್ ಪುಡಿಗಳು ಜೊತೆಗಿಡಕ್ಕೆ ಬದಲಿಯಲ್ಲ.

ಮಳೆ ಹಿಡಿದಾಗ ಒಂದೂವರೆ ಅಡಿ ಗುಂಡಿ ತೋಡಿ ನೆಡಿ. ನೀರು ನಿಲ್ಲುವ ಎರೆ ಹೊಲ, ಕಾಲುವೆ ಕೆಳಗಿನ ಭತ್ತದ ಗದ್ದೆ ಬೇಡವೇ ಬೇಡ, ಬೇರು ಕೊಳೆಯುತ್ತದೆ. ಗಂಧದಿಂದ ಒಂದಡಿಗೆ ಮತ್ತೆ ತೊಗರಿ ಊರಿ. ತೊಗರಿ ಒಣಗಿದ ಮೇಲೆ ಕಚ್ಚಲು ಮರ ಬೇಕಲ್ಲ, ಅದಕ್ಕೆ ಆರಡಿ ದೂರಕ್ಕೆ ಚೊಗಚೆ, ಸರ್ವೆ ಅಥವಾ ಹೊಂಗೆಯನ್ನು ಅದೇ ಮಳೆಯಲ್ಲಿ ಹಚ್ಚಿ. ಚೊಗಚೆಗೆ ಅಗಸೆ ಎಂದೂ ಹೆಸರು. ಆದರೆ ನಮ್ಮ ಕಡೆ ಅಗಸಿ ಎಂದರೆ ಚಟ್ನಿಪುಡಿಯ ಕಾಳು ಕೊಡುತ್ತಾರೆ, ಮರದ ಬೀಜ ಎಂದೇ ಕೇಳಿ.

ಬುಡದ ಸುತ್ತ ಎರಡಡಿ ಕುಂಟೆ ಹೊಡೆಯಬೇಡಿ, ಕೈಯಿಂದ ಕಳೆ ತೆಗೆಯಿರಿ. ಜೊತೆಗಿಡಕ್ಕೆ ತಾಗಿದ ಕಳೆನಾಶಕ ಹೀರುಬೇರಿನ ಮೂಲಕ ಗಂಧಕ್ಕೂ ಇಳಿಯಬಹುದು. ಚೊಗಚೆ ಗಂಧದ ತಲೆ ಮುಚ್ಚಿದರೆ ಕೊಂಬೆ ಮಾತ್ರ ಸವರಿ. ಆ ಸೊಪ್ಪನ್ನು ಆಡುಗಳಿಗೆ ಹಟ್ಟಿಯಲ್ಲೇ ಹಾಕಿ. ಹೊಲದೊಳಗೆ ಬಿಟ್ಟರೆ ಗಂಧದ ಚಿಗುರನ್ನೂ ಉಳಿಸುವುದಿಲ್ಲ.